ಕೊಲ್ಲಿಯ ನೀರಿನಲ್ಲಿ ತೊಳೆದ ಹಡಗು

ಹಡಗಿನ ಮೈ ಎಷ್ಟು ದಪ್ಪ ಉಳಿದಿದೆ ಎಂದು ಅಳೆಯುವುದು ನನ್ನ ಕೆಲಸವಾಗಿತ್ತು. ಹ್ಯೂಸ್ಟನ್ನಿನ ಒಂದು ತಪಾಸಣಾ ಕಂಪನಿಯಲ್ಲಿ ಅದನ್ನೇ ಮಾಡುತ್ತಾ ಬಂದು, ಈಗ ನಿವೃತ್ತಳಾಗಿ ಅದೇ ಊರಿನ ಪಕ್ಕದ ಸೈಪ್ರೆಸ್‌ನ ಮನೆಯಲ್ಲಿದ್ದೇನೆ. ಆಸ್ಟಿನ್ನಿನಲ್ಲಿ ಓದುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಆಗಾಗ ಸಲಹೆ ಕೇಳಲು ಬರುತ್ತಾರೆ. ಯಾವ ಸರ್ಟಿಫಿಕೇಟು ಮಾಡಿಕೊಂಡರೆ ಒಳ್ಳೆಯದು, ಹಡಗಿನ ಮೈಮೇಲೆ ಹರಿದಾಡುವ ರೋಬೋಟು ಬಂದ ಮೇಲೂ ಮನುಷ್ಯರು ಬೇಕೇ ಎಂದು ಕೇಳುತ್ತಾರೆ. ಇದಕ್ಕೆಲ್ಲ ನನ್ನಲ್ಲಿ ಉತ್ತರವಿದೆ, ಹೇಳಿ ಕಳಿಸುತ್ತೇನೆ. ಹೋದ ಸಲ ಬಂದಿದ್ದ ಹುಡುಗಿಯೊಬ್ಬಳು ಕಾಫಿ ಕುಡಿದಾದ ಮೇಲೆ, ಬಾಗಿಲ ಹತ್ತಿರ ಶೂ ಹಾಕಿಕೊಳ್ಳುತ್ತಾ ಕೇಳಿದಳು:

"ಆಂಟಿ, ಈ ಕೆಲ್ಸದಲ್ಲಿ ತುಂಬಾ ಕಷ್ಟ ಯಾವ್ದು? ಹೈಟಾ, ಬಿಸ್ಲಾ?"

ಎರಡೂ ಅಲ್ಲ ಎಂದೆ. ಮತ್ತೇನು ಎನ್ನುವಂತೆ ಅವಳು ಸ್ವಲ್ಪ ಹೊತ್ತು ನಿಂತಳು. ನನಗೆ ಹೇಳಲಾಗಲಿಲ್ಲ. ಅವಳಿಗೂ ಅವಳಂಥವರಿಗೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು. ಓದಿದ್ದು ಲೋಹಶಾಸ್ತ್ರ. ಕಾಲೇಜು ಮುಗಿಯುವವರೆಗೆ ಸಮುದ್ರವನ್ನು ನೋಡಿದ್ದು ಒಂದೇ ಸಲ, ಅದೂ ಶಾಲೆಯ ಪ್ರವಾಸದಲ್ಲಿ. ಅಂಥವಳಿಗೆ ಹಡಗಿನ ಕೆಲಸ ಕಲಿಸಿದವರು ವಾಲ್ಟ್ ಎಂಬ ಹಿರಿಯ ಇನ್ಸ್‌ಪೆಕ್ಟರು. ಕಡಿಮೆ ಮಾತಿನ ಮನುಷ್ಯ. ಮೊದಲ ದಿನ ನನ್ನ ಕೈಗೆ ದಪ್ಪ ಅಳೆಯುವ ಯಂತ್ರವನ್ನಲ್ಲ, ಸುತ್ತಿಗೆಯನ್ನು ಕೊಟ್ಟರು. ಸರಕು ಸಾಗಿಸುವ ಒಂದು ಬಾರ್ಜಿನ ಪಕ್ಕದಲ್ಲಿ ನಿಲ್ಲಿಸಿ, ತಟ್ಟುತ್ತಾ ಹೋಗು ಎಂದರು. ಗಟ್ಟಿ ಉಕ್ಕು ದೇವಸ್ಥಾನದ ಗಂಟೆಯ ಹಾಗೆ ಉತ್ತರ ಕೊಡುತ್ತದೆ. ಒಳಗೊಳಗೇ ತುಕ್ಕು ತಿಂದ ಉಕ್ಕು ಒದ್ದೆ ಮಡಕೆಯ ಹಾಗೆ ಸದ್ದು ನುಂಗಿಕೊಳ್ಳುತ್ತದೆ. ಸಂಜೆಯ ಹೊತ್ತಿಗೆ ನನಗೆ ಆ ವ್ಯತ್ಯಾಸ ಕಿವಿಯಲ್ಲಿ ಕೂತಿತ್ತು. ಆಮೇಲೆ ಅವರು ಯಂತ್ರ ಕೊಟ್ಟರು. "ಇದು ಸಂಖ್ಯೆ ಹೇಳುತ್ತದೆ. ಯಾವುದರ ಸಂಖ್ಯೆ ಎಂದು ಇದಕ್ಕೆ ಗೊತ್ತಿಲ್ಲ," ಎಂದರು.

ಆ ಮಾತಿನ ಅರ್ಥವನ್ನು ಈ ಕೆಲಸಕ್ಕೆ ಬರುವವರು ಮೊದಲ ದಿನವೇ ತಿಳಿದಿರಬೇಕು. ಯಂತ್ರ ಉಕ್ಕಿನೊಳಗೆ ಶಬ್ದವನ್ನು ಕಳಿಸಿ, ಅದು ಆಚೆ ಬದಿಗೆ ಬಡಿದು ಮರಳಿ ಬರುವ ಹೊತ್ತನ್ನು ಅಳೆಯುತ್ತದೆ. ಹೊತ್ತು ಹೆಚ್ಚಾದರೆ ಉಕ್ಕು ದಪ್ಪ ಎನ್ನುತ್ತದೆ. ಆದರೆ ಬಣ್ಣದಲ್ಲಿ ಶಬ್ದ ನಿಧಾನ. ಮೇಲೆ ದಪ್ಪ ಬಣ್ಣವಿದ್ದರೆ ಹಳೆಯ ಯಂತ್ರ ಆ ಬಣ್ಣವನ್ನೂ ಉಕ್ಕೆಂದೇ ಲೆಕ್ಕ ಹಾಕುತ್ತಿತ್ತು, ಇದ್ದುದಕ್ಕಿಂತ ಹೆಚ್ಚೇ ಹಾಕುತ್ತಿತ್ತು. ಬಣ್ಣವನ್ನು ಬಿಟ್ಟು ಉಕ್ಕನ್ನು ಮಾತ್ರ ಅಳೆಯುವ ಯಂತ್ರಗಳು ಬಂದದ್ದು ನಂತರ. ಅವು ಬರುವವರೆಗೆ, ಅಳೆಯುವ ಜಾಗದಲ್ಲಿ ಬಣ್ಣ ಕೆರೆದು ಉಕ್ಕು ಕಾಣಿಸಬೇಕಿತ್ತು. ಸೋಮಾರಿಗಳು ಕೆರೆಯುತ್ತಿರಲಿಲ್ಲ.

ವಾಲ್ಟ್ ಕಲಿಸಿದ ಇನ್ನೊಂದು ಪಾಠ ವರದಿ ಬರೆಯುವುದು. ಏನು ನೋಡಿದೆ ಎಂದು ಎಲ್ಲರೂ ಬರೆಯುತ್ತಾರೆ, ಯಾಕೆ ಹಾಗಾಯಿತು ಎಂದು ಬರೆಯುವಾಗ ಜಾರಿಕೊಳ್ಳುತ್ತಾರೆ ಎನ್ನುತ್ತಿದ್ದರು. ಕಾರಣ ಬರೆಯದಿದ್ದರೆ ಅದೇ ತಪ್ಪು ಮತ್ತೆ ನಡೆಯುತ್ತದೆ, ಇನ್ನೊಂದು ಹಡಗು ಹೋಗುತ್ತದೆ, ಕೆಲವೊಮ್ಮೆ ಜನವೂ ಹೋಗುತ್ತಾರೆ ಎನ್ನುತ್ತಿದ್ದರು. "ವಯಸ್ಸಾಯಿತು" ಎಂದು ಬರೆದ ವರದಿಯನ್ನು ಅವರು ಪೂರ್ತಿ ಓದದೆಯೇ ನನ್ನ ಮೇಜಿಗೆ ಹಿಂದಿರುಗಿಸಿದ್ದುಂಟು.

ಆ ದಿನಗಳ ಒಂದು ಪ್ರಸಂಗ ನೆನಪಿದೆ. ಸಿಗಡಿ ಹಿಡಿಯುವ ದೋಣಿಯೊಂದರ ತಪಾಸಣೆಗೆ ಹೋಗಿದ್ದೆವು. ಹೊರಗಿನಿಂದ ಥಳಥಳ ಹೊಳೆಯುತ್ತಿತ್ತು. ಯಜಮಾನ ಹಿಂದಿನ ದಿನವಷ್ಟೇ ಬಣ್ಣ ಬಳಿಸಿದ್ದ. ವಾಲ್ಟ್ ಒಂದು ಕಡೆ ನಿಂತು, ತಲೆ ವಾರೆ ಮಾಡಿ, ಸುತ್ತಿಗೆಯಿಂದ ತಟ್ಟಿದರು. ಸುತ್ತಿಗೆ ಒಳಗೆ ಹೋಯಿತು, ಅದರ ಜೊತೆ ಅವರ ಕೈಯೂ ಮಣಿಕಟ್ಟಿನವರೆಗೆ ಹೋಯಿತು. ತೂತಿಗೆ ಸಿಮೆಂಟು ತುಂಬಿ ಮೇಲೆ ಬಣ್ಣ ಬಳಿದಿದ್ದರು. ಯಜಮಾನನಿಗೆ ನಾಚಿಕೆಯೂ ಆಗಲಿಲ್ಲ, ಕೋಪವೂ ಬರಲಿಲ್ಲ. ನನ್ನ ಕಡೆ ತಿರುಗಿ, "ಮ್ಯಾಮ್, ಅವರು ತಟ್ಟುವ ತನಕ ಅದು ಚೆನ್ನಾಗಿಯೇ ಇತ್ತು," ಎಂದ. ದಾರಿಯುದ್ದಕ್ಕೂ ನಕ್ಕೆವು. ಯಾವಾಗಲೂ ನಗದ ವಾಲ್ಟ್ ಕೂಡ ನಕ್ಕರು. ವರ್ಷಗಳ ನಂತರ ಆ ಮಾತು ನನಗೆ ನಗೆಯಾಗಿ ಉಳಿಯಲಿಲ್ಲ.

ಯಾಕೆ ಎಂದು ಹೇಳಲು ಆ ಊರಿನ ಹಡಗಿನ ಬಗ್ಗೆ ಹೇಳಬೇಕು. ಹ್ಯೂಸ್ಟನ್ನಿನಿಂದ ದಕ್ಷಿಣಕ್ಕೆ ಕರಾವಳಿ ಹಿಡಿದು ಹೋದರೆ ಸಿಗುವ, ಒಂದು ಕೊಲ್ಲಿಯ ದಡದ ಊರು. ಹೆಸರು ಬೇಡ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಊರು ಒಂದು ಯುದ್ಧನೌಕೆಯನ್ನು ದತ್ತು ತೆಗೆದುಕೊಂಡಿತ್ತು. ದೊಡ್ಡದೇನಲ್ಲ, ಬೇರೆ ಹಡಗುಗಳಿಗೆ ಕಾವಲು ಹೋಗುವಂಥದ್ದು. ಊರಿನ ಹೆಂಗಸರು ಅದರ ನಾವಿಕರಿಗೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸುತ್ತಿದ್ದರು. ಶಾಲೆಯ ಮಕ್ಕಳು ಮನೆಮನೆ ಸುತ್ತಿ ಹಳೆಯ ಪಾತ್ರೆ, ಕಬ್ಬಿಣದ ಚೂರು ಕೂಡಿಸಿ ಕೊಟ್ಟಿದ್ದರು. ಹಡಗಿನ ಗಂಟೆಯೂ ಆ ಊರಿನದೇ. ಊರಿನ ಕೆಲವು ಹುಡುಗರು ಅದೇ ಹಡಗಿನಲ್ಲಿ ಕೆಲಸಕ್ಕೂ ಹೋದರು. ಅವರಲ್ಲಿ ಎಲ್ಲರೂ ಹಿಂದಿರುಗಲಿಲ್ಲ. ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ, ಹಡಗು ಯಾರಿಗೂ ಬೇಡವಾದಾಗ, ಊರಿನವರು ಅದನ್ನು ಕೇಳಿ ಪಡೆದು, ಎಳೆಸಿಕೊಂಡು ಬಂದು ಕೊಲ್ಲಿಯಲ್ಲಿ ಕಟ್ಟಿಕೊಂಡರು. ಅಂದಿನಿಂದ ಅದು ಅಲ್ಲಿಯೇ ಇತ್ತು. ಮದುವೆಗಳು ಅದರ ಮೇಲೆ ನಡೆಯುತ್ತಿದ್ದವು.

ನನ್ನನ್ನು ಅಲ್ಲಿಗೆ ಕಳಿಸಿದಾಗ ನನ್ನ ನಿವೃತ್ತಿ ಹತ್ತಿರದಲ್ಲಿತ್ತು. ವಾಲ್ಟ್ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಹಡಗಿನ ತಳ ಸೋರಲು ಶುರುವಾಗಿತ್ತು, ಪಂಪು ನಿಲ್ಲಿಸುವಂತಿರಲಿಲ್ಲ. ಉಳಿಸಿಕೊಳ್ಳಲು ದಾರಿ ಒಂದೇ: ಹಡಗನ್ನು ನೀರಿನಿಂದ ಎತ್ತಿ, ದಡದಲ್ಲಿ ಕಟ್ಟೆ ಕಟ್ಟಿ ಅದರ ಮೇಲೆ ಕೂರಿಸಿಬಿಡುವುದು. ತಳ ಹಾಳಾಗಿದ್ದರೂ ಚಿಂತೆಯಿಲ್ಲ, ಪಕ್ಕಗಳು ಗಟ್ಟಿಯಾಗಿದ್ದರೆ ಎತ್ತಬಹುದು. ಪಕ್ಕಗಳು ಗಟ್ಟಿ ಇವೆಯೇ ಎಂದು ನಾವು ಹೇಳಬೇಕಿತ್ತು. ಇವೆ ಎಂದರೆ ಹಡಗು ಊರಿಗೆ ಉಳಿಯುತ್ತದೆ. ಇಲ್ಲ ಎಂದರೆ ಒಡೆಯುವ ಯಾರ್ಡಿಗೆ. ರಾಜ್ಯದ ರಾಜಧಾನಿ ಆಸ್ಟಿನ್ನಿನ ಸರ್ಕಾರಿ ಕಚೇರಿಯವರು ನಮ್ಮ ವರದಿಗಾಗಿ ಕಾಯುತ್ತಿದ್ದರು.

ಇದಕ್ಕೆ ಕೆಲವು ವರ್ಷ ಹಿಂದೆ ಬೇರೊಂದು ಕಂಪನಿಯವರು ಅಳೆದು, ಪಕ್ಕಗಳು ಹೊಸದರಷ್ಟೇ ದಪ್ಪ ಇವೆ ಎಂದು ಬರೆದುಕೊಟ್ಟಿದ್ದರು. ಊರಿನವರು ಆ ಸುದ್ದಿಗೆ ಬ್ಯಾಂಡು ಬಾರಿಸಿ ಊಟ ಹಾಕಿದ್ದರಂತೆ. ಅಷ್ಟು ವಯಸ್ಸಿನ ಹಡಗು ಹೊಸದರಷ್ಟು ದಪ್ಪ ಇರುವುದು ಸಾಧ್ಯವಿಲ್ಲ.

ಅಳೆಯುವ ಮೊದಲು ಜಾಗ ನೋಡಿ ಬರೋಣವೆಂದು ನಾನು ಒಬ್ಬಳೇ ಹೋದ ದಿನ, ಅಲ್ಲಿ ಜನ ಸೇರಿತ್ತು. ಊರಿನವರು ವರ್ಷಕ್ಕೊಮ್ಮೆ ಹಡಗಿಗೆ ಬಣ್ಣ ಬಳಿಯುವ ದಿನ ಅದು. ನನ್ನನ್ನು ಎದುರುಗೊಂಡವರು ಮಿಸ್ ಡಾಟ್. ಡೊರೋತಿ ಎಂಬ ಹೆಸರನ್ನು ಊರೆಲ್ಲ ಡಾಟ್ ಎಂದು ಕರೆಯುತ್ತಿತ್ತು. ಮದುವೆಯಾಗಲಿ ಆಗದಿರಲಿ, ಹೆಂಗಸರನ್ನು ಹೆಸರಿಗೆ ಮೊದಲು ಮಿಸ್ ಸೇರಿಸಿ ಕರೆಯುವುದು ಅಲ್ಲಿಯ ಮರ್ಯಾದೆ, ನಮ್ಮಲ್ಲಿ ಅಕ್ಕ ಎನ್ನುವ ಹಾಗೆ. ವಸುಧಾ ಎನ್ನಲು ಬಾರದೆ ಅವರು ನನ್ನನ್ನು ಮಿಸ್ ವಸು ಎಂದರು. ತೊಂಬತ್ತರ ಹತ್ತಿರದ ಮುದುಕಿ, ಶಾಲೆಯಲ್ಲಿ ಪಾಠ ಹೇಳಿದ್ದವರು. ಯುದ್ಧದ ಕಾಲದಲ್ಲಿ ಕಬ್ಬಿಣ ಕೂಡಿಸಿದ ಮಕ್ಕಳಲ್ಲಿ ಅವರೂ ಒಬ್ಬರು. ಆ ಮಕ್ಕಳಲ್ಲಿ ಊರಿನಲ್ಲಿ ಉಳಿದವರು ಅವರೊಬ್ಬರೇ.

ಹಡಗಿನ ಮೈಯನ್ನು ಊರಿನ ಮನೆತನಗಳು ಹಂಚಿಕೊಂಡಿದ್ದವು. ಉಕ್ಕಿನ ಒಂದೊಂದು ಪ್ಲೇಟು ಒಂದೊಂದು ಮನೆಗೆ. ತಾತ ಬಳಿದ ಪ್ಲೇಟಿಗೆ ಮೊಮ್ಮಗಳು ಬಳಿಯುತ್ತಿದ್ದಳು. ಊರು ಬಿಟ್ಟು ಡಾಲಸ್, ಹ್ಯೂಸ್ಟನ್ ಸೇರಿದವರೂ ಆ ದಿನ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಯಾವ ಪ್ಲೇಟು ಯಾರದು ಎಂದು ಮಿಸ್ ಡಾಟ್‌ಗೆ ಬಾಯಿಪಾಠ. ಹಡಗಿನ ಸುತ್ತ ಕಟ್ಟಿದ ತೇಲುಹಲಗೆಗಳ ಮೇಲೆ ನನ್ನನ್ನು ಕೈ ಹಿಡಿದು ನಡೆಸುತ್ತಾ, ಇದು ಬೇಕರಿಯವರದು, ಇದು ಪಾದ್ರಿಯವರದು, ಈ ಪ್ಲೇಟಿನ ಮನೆಯ ಹುಡುಗಿ ಕಳೆದ ವರ್ಷ ಮದುವೆಯಾದಳು, ಗಂಡನಿಗೆ ಬ್ರಶ್ ಹಿಡಿಯಲು ಬರುವುದಿಲ್ಲ ಎಂದು ಹೇಳುತ್ತಾ ಹೋದರು. ಆ ಗಂಡ ಕೇಳಿಸಿಕೊಂಡು, "ಮಿಸ್ ಡಾಟ್, ನಾನು ಡೆಂಟಿಸ್ಟು. ಚಿಕ್ಕ ಬ್ರಶ್ ಕೊಡಿ, ತೋರಿಸುತ್ತೇನೆ," ಎಂದ. ಸುತ್ತಲಿದ್ದವರು ನಕ್ಕರು.

ಆಗ ಊರಿನವರು ಬಕೆಟುಗಳಿಗೆ ಹಗ್ಗ ಕಟ್ಟಿ ಕೊಲ್ಲಿಗೆ ಇಳಿಸಲು ತೊಡಗಿದರು. ಎಲ್ಲ ಮನೆಯವರೂ ನೀರು ಸೇದಿದರು. ತಂತಿ ಬ್ರಶ್ಶಿನಿಂದ ತುಕ್ಕು ಕೆರೆದ ಕಡೆ ಕಂಡ ಬರಿಯ ಉಕ್ಕಿನ ಮೇಲೂ ಉಳಿದ ಹಳೆಯ ಬಣ್ಣದ ಮೇಲೂ ಆ ಸಮುದ್ರದ ನೀರನ್ನು ನಿಧಾನವಾಗಿ ಹುಯ್ದರು. ಮಕ್ಕಳೂ ಸುಮ್ಮನಿದ್ದರು. ಬಿಸಿಲಿಗೆ ನೀರು ಆರಿತು. ಆರಿದ ಕೂಡಲೇ ಅದರ ಮೇಲೆ ಬೂದು ಬಣ್ಣ ಬಳಿಯಲು ಶುರು ಮಾಡಿದರು.

ಇದು ಯಾಕೆ ಎಂದು ನಾನು ಕೇಳಿದೆ. ನಲ್ಲಿಯ ನೀರು ಇಲ್ಲವೇ ಎಂದೆ.

ಮಿಸ್ ಡಾಟ್ ತಮ್ಮ ಮನೆಯ ಪ್ಲೇಟಿನ ಮುಂದೆ ನಿಂತಿದ್ದರು. ಅವರ ಅಣ್ಣ ಯೂಜೀನ್ ಈ ಹಡಗಿನಲ್ಲಿದ್ದ. ಬಿರುಗಾಳಿಯಲ್ಲಿ ನೀರಿಗೆ ಬಿದ್ದ, ದೇಹ ಸಿಗಲಿಲ್ಲ. ಹಡಗು ಕೊಲ್ಲಿಗೆ ಬಂದ ದಿನ ಅವರ ತಂದೆ ಒಂದು ಬಕೆಟ್ ನೀರು ಸೇದಿ ಈ ಪ್ಲೇಟಿನ ಮೇಲೆ ಹುಯ್ದರು. ನೋಡಿದವರೆಲ್ಲ ತಮ್ಮ ತಮ್ಮ ಹುಡುಗರಿಗಾಗಿ ಹಾಗೇ ಮಾಡಿದರು. ಹುಡುಗರನ್ನು ಕಳೆದುಕೊಳ್ಳದವರೂ ಮಾಡಿದರು. ಮುಂದೆ ಅದೇ ಪದ್ಧತಿಯಾಯಿತು.

"ಅವನಿಗೆ ಗೋರಿ ಇಲ್ಲ, ಮಿಸ್ ವಸು. ಎಲ್ಲ ನೀರೂ ಒಂದೇ ನೀರು. ಅವನು ಇದರಲ್ಲಿದ್ದಾನೆ," ಎಂದರು.

ನನ್ನ ತಂದೆಯ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದವಳು ನಾನು. ಆಮೇಲೆ ಮೈಸೂರಿನ ಮನೆಯಲ್ಲಿ ನಲ್ಲಿ ತಿರುಗಿಸಿ ಕಾವೇರಿ ನೀರು ಕೈಗೆ ಬಿದ್ದಾಗಲೆಲ್ಲ ಏನು ಅನ್ನಿಸುತ್ತಿತ್ತೆಂದು ನನಗೆ ಗೊತ್ತು. ಆದ್ದರಿಂದ ಮಿಸ್ ಡಾಟ್ ಹೇಳಿದ್ದರಲ್ಲಿ ನನಗೆ ಅರ್ಥವಾಗದ್ದು ಏನೂ ಇರಲಿಲ್ಲ. ಅದು ಅಭಿಷೇಕ. ಅದೇ ಹೊತ್ತಿಗೆ ನನ್ನ ಓದು, ನನ್ನ ಕೆಲಸ ಇನ್ನೊಂದನ್ನು ಹೇಳುತ್ತಿತ್ತು. ಬರಿಯ ಉಕ್ಕಿನ ಮೇಲೆ ಉಪ್ಪು ನೀರು ಆರಿದರೆ ಉಪ್ಪು ಅಲ್ಲೇ ಉಳಿಯುತ್ತದೆ. ಅದರ ಮೇಲೆ ಬಣ್ಣ ಬಿದ್ದರೆ ಉಪ್ಪು ಒಳಗೆ ಸಿಕ್ಕಿಕೊಳ್ಳುತ್ತದೆ. ಬಣ್ಣದ ಅಡಿಯಲ್ಲಿ ಕೂತು, ಗಾಳಿಯ ತೇವವನ್ನು ಒಳಗೆಳೆದುಕೊಂಡು, ಯಾರ ಕಣ್ಣಿಗೂ ಬೀಳದೆ ಉಕ್ಕನ್ನು ತಿನ್ನುತ್ತದೆ. ಅವರು ಪ್ರತಿ ವರ್ಷ, ತಪ್ಪದೆ, ಇಡೀ ಊರು ಸೇರಿ ಹಡಗಿನ ಮೈಯೊಳಗೆ ಉಪ್ಪನ್ನು ಇಟ್ಟು ಮುಚ್ಚುತ್ತಿದ್ದರು.

ಆ ದಿನ ನಾನು ಏನೂ ಹೇಳಲಿಲ್ಲ. ಅಳೆಯದೆ ಮಾತಾಡಬಾರದು ಎನ್ನುವುದು ನಿಯಮ. ಮನೆಗೆ ಹೊರಟಾಗ ಮಿಸ್ ಡಾಟ್ ಒಂದು ಡಬ್ಬಿಯಲ್ಲಿ ಪೆಕಾನ್ ಬೀಜದ ಮಿಠಾಯಿ ಹಾಕಿ ಕೊಟ್ಟರು. ಅವರ ತಾಯಿ ನಾವಿಕರಿಗೆ ಇದನ್ನೇ ಕಳಿಸುತ್ತಿದ್ದರಂತೆ.

ಅಳೆಯಲು ನನ್ನ ಜೊತೆ ಬಂದವರು ಬಸವರಾಜ. ವಿಜಯಪುರದವರು, ಡಾಲಸ್ ಹತ್ತಿರದ ಯೂಲೆಸ್‌ನಲ್ಲಿ ಮನೆ, ನನಗಿಂತ ಸ್ವಲ್ಪ ಚಿಕ್ಕವರು. ಎಷ್ಟೋ ತಪಾಸಣೆಗಳಲ್ಲಿ ಒಟ್ಟಿಗೆ ಕೆಲಸ ಮಾಡಿದ್ದೆವು. ಇಡೀ ದಿನ ಹಗ್ಗದ ಮೇಲೆ ತೂಗಾಡುತ್ತಲೂ ತಮಾಷೆ ಬಿಡದ ಮನುಷ್ಯ. ಮೊದಲ ಪ್ಲೇಟಿನಲ್ಲಿ ಬಣ್ಣದ ಒಂದು ಚಕ್ಕೆ ಎಬ್ಬಿಸಿ, ಅಂಚನ್ನು ಬಿಸಿಲಿಗೆ ಹಿಡಿದು ನೋಡಿದರು. ಮರದ ವರ್ತುಲಗಳ ಹಾಗೆ ಪದರದ ಮೇಲೆ ಪದರ.

"ಮೇಡಂ, ಇದು ಹಡಗಲ್ರಿ, ಉಳ್ಳಾಗಡ್ಡಿ," ಎಂದರು. "ಸುಲದಷ್ಟೂ ಸಿಪ್ಪಿ ಬರಾಕತ್ತೈತಿ. ಕಡೀಕ ಒಳಗ ಏನೂ ಸಿಗಂಗಿಲ್ಲ, ಅಳೋದೊಂದ ಉಳೀತೈತಿ."

ನಾನು ನಕ್ಕೆ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ನಗುವುದನ್ನು ಬಿಟ್ಟಿದ್ದೆವು. ಹಿಂದಿನ ಕಂಪನಿಯವರು ಹಳೆಯ ಯಂತ್ರದಿಂದ, ಬಣ್ಣದ ಮೇಲಿಂದಲೇ ಅಳೆದಿದ್ದರು. ಅವರು ಬರೆದ ದಪ್ಪದಲ್ಲಿ ಬಹುಪಾಲು ಬಣ್ಣ. ನೀರಿನ ಮಟ್ಟದ ಮೇಲೆ, ಜನ ಕೈಯೆತ್ತಿದರೆ ಎಟಕುವ ಪಟ್ಟಿಯಲ್ಲಿ, ಬಕೆಟಿನ ನೀರು ಬೀಳುತ್ತಿದ್ದ ಜಾಗದಲ್ಲಿ, ಉಕ್ಕು ಉಗುರಿನಷ್ಟೂ ಇರಲಿಲ್ಲ. ಅದಕ್ಕೂ ಮೇಲೆ, ಯಾರ ಕೈಗೂ ಎಟಕದೆ, ಬಾಡಿಗೆ ಕೆಲಸಗಾರರು ಎಂದೋ ಒಮ್ಮೆ ಬಣ್ಣ ಬಳಿದು ಬಿಟ್ಟಿದ್ದ ಕಡೆ ಉಕ್ಕು ಗಟ್ಟಿಯಾಗಿತ್ತು. ಸುತ್ತಿಗೆ ತಟ್ಟಿದರೆ ಗಂಟೆಯ ಹಾಗೆ ಉತ್ತರ ಕೊಟ್ಟಿತು. ಯಾರೂ ಮುಟ್ಟದ ಭಾಗ ಚೆನ್ನಾಗಿತ್ತು. ಅದನ್ನು ನಾನು ಎರಡೆರಡು ಸಲ ಅಳೆದೆ, ತಪ್ಪಿರಲಿ ಎಂದು ಬಯಸಿ ಅಳೆದೆ.

ಮಿಸ್ ಡಾಟ್ ಅವರ ಮನೆಯ ಪ್ಲೇಟಿನ ಮೇಲೆ ನಾನು ಸುತ್ತಿಗೆ ಎತ್ತಲಿಲ್ಲ. ಬೆರಳಿನ ಗಂಟಿನಿಂದ ತಟ್ಟಿದೆ. ಸದ್ದೇ ಬರಲಿಲ್ಲ.

ಹ್ಯೂಸ್ಟನ್ನಿಗೆ ಮರಳಿ ವರದಿ ಬರೆಯುವಾಗ ನನ್ನ ಮ್ಯಾನೇಜರು, ಕಿರಿಯ ವಯಸ್ಸಿನ ಒಳ್ಳೆಯ ಹುಡುಗ, ಕಾರಣದ ಜಾಗದಲ್ಲಿ ವಯೋಸಹಜ ಸವೆತ ಎಂದು ಹಾಕಿಬಿಡಿ, ಯಾರೂ ಕೇಳುವುದಿಲ್ಲ ಎಂದ. ಬಸವರಾಜರೂ ಅದನ್ನೇ ಹೇಳಿದರು. ಕಾರಿನಲ್ಲಿ ನನ್ನನ್ನು ಮನೆಗೆ ಬಿಡುತ್ತಾ, "ಮುದುಕಿ ಇನ್ನೆಷ್ಟ ದಿನಾ ಇರತಾಳ್ರಿ ಮೇಡಂ. ಹಡಗ ಹೋಗೂದು ಹೋಗತೈತಿ. ಅಕಿನ್ನ ಯಾಕ ಕೊಲ್ತೀರಿ?" ಎಂದರು. ಆದರೆ ಕರಾವಳಿಯಲ್ಲಿ ಇಂಥ ಹಳೆಯ ಹಡಗುಗಳು ಬೇರೆಯೂ ಇವೆ, ಅವನ್ನು ಪ್ರೀತಿಸುವ ಊರುಗಳೂ ಇವೆ. ಈ ಊರಿನ ಪದ್ಧತಿಯನ್ನು ನೋಡಿ ಮೆಚ್ಚಿ ಅವರೂ ಬಕೆಟ್ ಹಿಡಿಯುತ್ತಿದ್ದರೆ? ವಾಲ್ಟ್ ಓದದೆ ಹಿಂದಿರುಗಿಸುತ್ತಿದ್ದ ವರದಿಗಳು ನೆನಪಾದವು. ನಾನು ಕಾರಣ ಬರೆದೆ. ಎರಡೇ ವಾಕ್ಯ.

ವರದಿಯ ವಿಷಯವನ್ನು ಆಸ್ಟಿನ್ನಿಗೆ ಕಳಿಸುವ ಮುನ್ನ ಊರಿಗೆ ಹೇಳಬೇಕೆಂದು ಕೇಳಿಕೊಂಡೆ. ಶಾಲೆಯ ಜಿಮ್ಮಿನಲ್ಲಿ ಸಭೆ ಕರೆದರು. ಬಾಸ್ಕೆಟ್‌ಬಾಲ್ ಕಂಬಗಳ ನಡುವೆ ಮಡಿಸುವ ಕುರ್ಚಿಗಳು. ಪಕ್ಕಗಳು ಭಾರ ತಡೆಯುವುದಿಲ್ಲ, ಎತ್ತಿದರೆ ಹಡಗು ನಡುವೆ ಮುರಿಯುತ್ತದೆ, ಇದನ್ನು ಇಲ್ಲಿ ಉಳಿಸಲು ಆಗುವುದಿಲ್ಲ ಎಂದು ಹೇಳಿದೆ. ಅಳತೆಗಳನ್ನು ಪರದೆಯ ಮೇಲೆ ತೋರಿಸಿದೆ. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಸುಲಭವಾಗುತ್ತಿತ್ತು. ಮಿಸ್ ಡಾಟ್ ಮುಂದಿನ ಸಾಲಿನಲ್ಲಿ ವಾಕರ್ ಹಿಡಿದು ಎದ್ದು ನಿಂತರು.

"ಯಾಕೆ ಹೀಗಾಯಿತು?"

ನಾನು ಹಡಗಿನ ವಯಸ್ಸಿನಿಂದ ಶುರು ಮಾಡಿದೆ. ಅವರು ಪಾಠದ ನಡುವೆ ಮಗುವನ್ನು ತಡೆಯುವ ಹಾಗೆ ಕೈಯೆತ್ತಿದರು.

"ವಯಸ್ಸು ನನಗೂ ಆಗಿದೆ. ಅದು ಕಾರಣವಲ್ಲ. ನಾವು ಇಷ್ಟು ಚೆನ್ನಾಗಿ ನೋಡಿಕೊಂಡೆವು. ನಮ್ಮ ಹಡಗಿಗೆ ಏನಾಯಿತು, ಮಿಸ್ ವಸು?"

ನಾನು ಹೇಳಿದೆ. ಉಪ್ಪು ಎಂದೆ. ಉಕ್ಕಿನ ಮೇಲೆ ಆರಿದ ಉಪ್ಪು, ಅದರ ಮೇಲೆ ಬಣ್ಣ, ಮರುವರ್ಷ ಮತ್ತೆ ಉಪ್ಪು. ಹಿಂದಿನ ಸಾಲಿನಿಂದ ಒಬ್ಬರು, ಹಾಗಾದರೆ ನಾವೇ, ಎಂದು ನಿಲ್ಲಿಸಿದರು. ನೀವಲ್ಲ, ಉಪ್ಪು ಎಂದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಮಿಸ್ ಡಾಟ್ ಕೂತುಕೊಂಡರು. ಡೆಂಟಿಸ್ಟನ ಹೆಂಡತಿ ಎದ್ದು ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತಳು. ಕುರ್ಚಿಗಳನ್ನು ಮಡಿಸುವ ಸದ್ದು ಶುರುವಾಯಿತು. ಸಿಗಡಿ ದೋಣಿಯ ಯಜಮಾನನ ಮಾತು ಆಗ ನೆನಪಾಯಿತು. ನಾನು ತಟ್ಟುವ ತನಕ ಅದು ಚೆನ್ನಾಗಿಯೇ ಇತ್ತು.

ಆಸ್ಟಿನ್ನಿನ ಕಚೇರಿಯವರು ಎರಡನೆಯ ಅಭಿಪ್ರಾಯ ಕೇಳಿದರು. ಬೇರೆಯವರು ಬಂದು, ಈ ಸಲ ಸರಿಯಾಗಿ ಅಳೆದು, ನಮ್ಮ ಅಂಕಿಗಳನ್ನೇ ಬರೆದರು. ನಮ್ಮದು ತಪ್ಪೆಂದು ಬರಲಿ ಎಂದು ನಾನು ಹರಕೆ ಹೊತ್ತುಕೊಂಡಿದ್ದೆ. ಇಡೀ ವೃತ್ತಿಯಲ್ಲಿ ನನ್ನ ಅಳತೆ ತಪ್ಪಾಗಲಿ ಎಂದು ಬೇಡಿಕೊಂಡದ್ದು ಅದೊಂದೇ ಸಲ. ಹಡಗನ್ನು ಕರಾವಳಿಯ ಒಳಗಾಲುವೆಯಲ್ಲಿ, ಪಂಪು ನಡೆಸುತ್ತಲೇ, ಮೆಲ್ಲಗೆ ಒಡೆಯುವ ಯಾರ್ಡಿಗೆ ಎಳೆದೊಯ್ಯುವುದೆಂದು ತೀರ್ಮಾನವಾಯಿತು. ಅಷ್ಟು ದೂರ ತೇಲುತ್ತದೆಯೇ ಎಂದು ನೋಡಲು ನನ್ನನ್ನೇ ಕಳಿಸಿದರು. ಅದು ನನ್ನ ಕೊನೆಯ ಕೆಲಸ.

ಹೊರಡುವ ದಿನ ಬೆಳಿಗ್ಗೆ ನಾನು ಹೋದಾಗ ಎಳೆಯುವ ದೋಣಿಗಳು ಬಂದು ನಿಂತಿದ್ದವು. ತೇಲುಹಲಗೆಗಳ ತುಂಬ ಜನ. ಬಣ್ಣದ ಡಬ್ಬಿಗಳು. ಒಡೆಯಲು ಹೋಗುವ ಹಡಗಿಗೆ ಬಣ್ಣ ಬಳಿಯಲು ಬಂದಿದ್ದರು. ಡಾಲಸ್‌ನಿಂದ ಬಂದವರೂ ಇದ್ದರು. ಎಳೆಯುವ ದೋಣಿಯ ಕ್ಯಾಪ್ಟನ್ ಕೈಕಟ್ಟಿ ನೋಡುತ್ತಿದ್ದ. ನನ್ನನ್ನು ಕಂಡು, ಇವರಿಗೆ ಯಾರೂ ಹೇಳಿಲ್ಲವೇ ಎಂದು ಕೇಳಿದ. ಹೇಳಿದ್ದೇವೆ ಎಂದೆ. ಅವನು ಎಂಜಿನು ಆರಿಸಿದ.

ದಡದಲ್ಲಿ ಅಗ್ನಿಶಾಮಕದವರ ಟ್ಯಾಂಕರು ನಿಂತಿತ್ತು. ಅದರಿಂದ ಸಿಹಿನೀರಿನ ಪೈಪು ಎಳೆದಿದ್ದರು. ಯಾರೂ ತಂತಿ ಬ್ರಶ್ಶು ಹಿಡಿದಿರಲಿಲ್ಲ, ತೆಳುವಾದ ಉಕ್ಕನ್ನು ಕೆರೆಯಬಾರದೆಂದು ವರದಿಯಲ್ಲಿತ್ತು. ಮೆತ್ತನೆ ಬಟ್ಟೆಯಿಂದ ಒರೆಸಿ, ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗುವವರೆಗೆ ಕಾದರು. ಇಂಥ ಬೇರೆ ಹಡಗುಗಳಿಗೆಂದು ವರದಿಯಲ್ಲಿ ನಾನು ಬರೆದಿದ್ದ ಒಂದೊಂದು ಸೂಚನೆಯನ್ನೂ ಪಾಲಿಸುತ್ತಿದ್ದರು. ಕೊಲ್ಲಿಗೆ ಒಂದೂ ಬಕೆಟು ಇಳಿಯಲಿಲ್ಲ.

ಮಿಸ್ ಡಾಟ್ ಗಾಲಿಕುರ್ಚಿಯಲ್ಲಿ ತಮ್ಮ ಪ್ಲೇಟಿನ ಮುಂದೆ ಕೂತಿದ್ದರು. ನಾನು ಹತ್ತಿರ ಹೋಗಿ ನಿಂತೆ. ಅವರು ನನ್ನ ಕಡೆ ನೋಡದೆ ಕೇಳಿದರು:

"ಇವತ್ತು ಒಂದು ಬಕೆಟು ಕೊಲ್ಲಿಯ ನೀರು ಹಾಕಿದರೆ ಈ ಹಡಗಿಗೆ ಏನಾದರೂ ಆಗುತ್ತದೆಯೇ?"

"ಇಲ್ಲ, ಮಿಸ್ ಡಾಟ್. ಇವತ್ತು ಏನೂ ಆಗುವುದಿಲ್ಲ."

ಅಲ್ಲೊಂದು ಹಳೆಯ ಬಕೆಟು ಹಗ್ಗದ ಸಮೇತ ಬಿದ್ದಿತ್ತು. ನಾನೇ ಇಳಿಸಿ, ನೀರು ಸೇದಿ, ಅವರ ಪಕ್ಕ ಇಟ್ಟೆ. ಅವರು ಬಗ್ಗಿ ಕೈಯನ್ನು ಮಣಿಕಟ್ಟಿನವರೆಗೆ ನೀರಿನಲ್ಲಿ ಇಟ್ಟರು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಏನನ್ನೋ ಹುಡುಕುತ್ತಿದ್ದಾರೆ ಅನ್ನಿಸಿತು. ಆಮೇಲೆ ಕೈ ತೆಗೆದು ಲಂಗಕ್ಕೆ ಒರೆಸಿಕೊಂಡರು.

"ಚೆಲ್ಲಿಬಿಡಿ. ನೀವು ಹೇಳಿದ ದಿನದಿಂದ ಇದು ಬರೀ ಉಪ್ಪುನೀರು," ಎಂದರು.

ಅವರ ಮಾತಿನಲ್ಲಿ ದೂರು ಇರಲಿಲ್ಲ. ನಾನು ಬಕೆಟನ್ನು ಎತ್ತಿ ಕೊಲ್ಲಿಗೆ ಚೆಲ್ಲಿದೆ. ಎಂಬತ್ತು ವರ್ಷದ ಹತ್ತಿರ ಆ ನೀರಿನಲ್ಲಿದ್ದ ಒಬ್ಬ ಹುಡುಗನನ್ನು ನನ್ನ ಎರಡು ವಾಕ್ಯ ಅಲ್ಲಿಂದ ಹೊರಗೆ ಹಾಕಿತ್ತು. ಅವನು ಈಗ ಎಲ್ಲಿಯೂ ಇರಲಿಲ್ಲ. ಬಾಗಿಲ ಬಳಿ ನಿಂತು ಕೇಳಿದ ಹುಡುಗಿಗೆ ನನ್ನ ಉತ್ತರ ಇದು. ಕಾರಣ ಬರೆಯಲೇಬೇಕು. ನಾನು ಇವತ್ತು ಬರೆದರೂ ಅದನ್ನೇ ಬರೆಯುತ್ತೇನೆ. ಅದರಿಂದ ಸಮಾಧಾನ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ.

ಡೆಂಟಿಸ್ಟು ಪೈಪು ಹಿಡಿದ. ಮಿಸ್ ಡಾಟ್ ಪ್ಲೇಟಿನ ಮೇಲೆ ಬಟ್ಟೆ ಆಡಿಸಿದರು. ಒಣಗಿದ ಮೇಲೆ, ಕೂತಲ್ಲಿಂದಲೇ, ಕೈಗೆ ಎಟಕುವಷ್ಟು ಬಣ್ಣ ಬಳಿದರು. ಮೇಲಿನದನ್ನು ನಾನು ಬಳಿದೆ, ಅವರು ಬ್ರಶ್ಶು ಕೈಗಿತ್ತರು. ಮಧ್ಯಾಹ್ನ ಕ್ಯಾಪ್ಟನ್ ಮತ್ತೆ ಎಂಜಿನು ಹಚ್ಚಿದ. ಹಗ್ಗ ಬಿಗಿಯಾಯಿತು, ಹಡಗು ಸದ್ದಿಲ್ಲದೆ ದಡದಿಂದ ಸರಿಯಿತು. ಬಣ್ಣ ಇನ್ನೂ ಹಸಿಯಾಗಿತ್ತು. ಊರಿನವರು ಕೈಗಳಲ್ಲಿ ಬೂದು ಮೆತ್ತಿಕೊಂಡು ನಿಂತಿದ್ದರು. ಕೈ ಬೀಸಲಿಲ್ಲ.

ಹಡಗು ಕಾಲುವೆಯ ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಮಿಸ್ ಡಾಟ್ ನನ್ನ ತೋಳು ಮುಟ್ಟಿದರು.

"ಈ ಸಲ ಸರಿಯಾಗಿ ತೊಳೆದೆವಲ್ಲ, ಮಿಸ್ ವಸು?"

"ಹೌದು, ಮಿಸ್ ಡಾಟ್," ಎಂದೆ. "ಸರಿಯಾಗಿಯೇ ತೊಳೆದಿರಿ."